ಯಾವ ನೋವಿಗೆ ಯಾವ ಮಾತ್ರೆ?

"ಒಂದು ನೋವಿನ ಮಾತ್ರೆ ಕೊಡಿ." ಔಷಧಿ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು, ಈ ಮಾತು ನಾಲ್ಕು ಸಲವಾದರೂ ಕಿವಿಗೆ ಬೀಳುತ್ತದೆ. ಯಾವ ನೋವು ಅಂತ ಅಂಗಡಿಯವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಸೀರೆ ಅಂಗಡಿಗೆ ಹೋಗಿ "ಒಂದು ಸೀರೆ ಕೊಡಿ" ಎಂದು ಕೇಳಿ, ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತೇವೆಯೇ? ಅಂಚು ನೋಡುತ್ತೇವೆ, ಸೆರಗು ನೋಡುತ್ತೇವೆ, ಬಣ್ಣ ಬಿಡುತ್ತದೆಯೇ ಅಂತ ಹತ್ತು ಸಲ ಕೇಳುತ್ತೇವೆ. ಮೈಮೇಲೆ ಉಡುವುದಕ್ಕೆ ಇಷ್ಟು ವಿಚಾರಿಸುವ ನಾವು, ಮೈಯೊಳಗೆ ಇಳಿಯುವ ಮಾತ್ರೆಯ ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಬಿಡುತ್ತೇವೆ.

ಹಾಗೆಂದು ನಮಗೆ ಮಾತಿಗೇನು ಬರವೇ? ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಅಂಗಾಲು ಉರಿಯುತ್ತದೆ, ಕೈ ಜೋಮು ಹಿಡಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಕಾಲು ಸೆಳೆಯುತ್ತದೆ, ಎದೆ ಹಿಂಡುತ್ತದೆ. ನಮ್ಮ ಅಜ್ಜಿಯರು ಒಂದೊಂದು ನೋವಿಗೆ ಒಂದೊಂದು ಮಾತು ಇಟ್ಟುಕೊಂಡಿದ್ದರು. ಆಶ್ಚರ್ಯವೇನು ಗೊತ್ತೇ? ಇಂದಿನ ವೈದ್ಯಶಾಸ್ತ್ರವೂ ಹೆಚ್ಚುಕಡಿಮೆ ಇದೇ ರೀತಿ ನೋವನ್ನು ಬೇರೆ ಬೇರೆಯಾಗಿ ವಿಂಗಡಿಸುತ್ತದೆ. ಉರಿಯುವ ನೋವಿಗೆ ಒಂದು ಔಷಧಿ, ನುಲಿಯುವ ನೋವಿಗೆ ಇನ್ನೊಂದು, ಬಾತುಕೊಂಡ ನೋವಿಗೆ ಮತ್ತೊಂದು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಇದನ್ನು ತಿಳಿದುಕೊಂಡರೆ ಬೇಡದ ಮಾತ್ರೆ ನುಂಗುವುದು ತಪ್ಪುತ್ತದೆ, ಬೇಕಾದ ಮಾತ್ರೆಗೆ ಹೆದರುವುದೂ ತಪ್ಪುತ್ತದೆ.

ಮೊದಲು ನೋವು ನಮಗೆ ಹೇಗೆ ತಿಳಿಯುತ್ತದೆ ಎನ್ನುವುದನ್ನು ನೋಡೋಣ. ನಮ್ಮೂರಿನ ಡಾಕ್ಟರಮ್ಮ ಒಮ್ಮೆ ಇದನ್ನು ನನಗೆ ಟಪಾಲಿನ ಉಪಮೆ ಕೊಟ್ಟು ವಿವರಿಸಿದರು. ಪೆಟ್ಟು ಬಿದ್ದ ಜಾಗ ಒಂದು ಕಾಗದ ಬರೆಯುತ್ತದೆ. ನರಗಳು ಅಂಚೆಯವನಂತೆ ಅದನ್ನು ಹೊತ್ತು ಬೆನ್ನುಹುರಿಯ ದಾರಿಯಾಗಿ ಮಿದುಳಿಗೆ ಮುಟ್ಟಿಸುತ್ತವೆ. ಮಿದುಳು ಓದಿದ ಮೇಲೆಯೇ ನಾವು "ಅಯ್ಯೋ ಅಮ್ಮಾ" ಎನ್ನುವುದು. ನೋವಿನ ಔಷಧಿಗಳಲ್ಲಿ ಕೆಲವು ಕಾಗದ ಬರೆಯುವುದನ್ನೇ ತಡೆಯುತ್ತವೆ, ಕೆಲವು ಅಂಚೆಯವನನ್ನು ಸಮಾಧಾನ ಮಾಡುತ್ತವೆ, ಕೆಲವು ಓದುವ ಜಾಗದಲ್ಲೇ ಕುಳಿತು ನೋವಿನ ಕಾವು ತಗ್ಗಿಸುತ್ತವೆ.

ನಮ್ಮೆಲ್ಲರ ಮನೆಯಲ್ಲೂ ಇರುವ ಪ್ಯಾರಾಸಿಟಮಾಲ್‌ನಿಂದಲೇ ಶುರು ಮಾಡೋಣ. ಜ್ವರ, ಸಾಧಾರಣ ತಲೆನೋವು, ಮೈಕೈ ನೋವು, ಇವಕ್ಕೆ ಇದು ಸರಿಯಾದ ಮಾತ್ರೆ. ಇದರ ಕೆಲಸ ಮುಖ್ಯವಾಗಿ ಮಿದುಳಿನ ಕಡೆ. ಹೊಟ್ಟೆಯನ್ನು ಕೆಣಕುವುದಿಲ್ಲ. ಆದರೆ ಊದಿಕೊಂಡ ಜಾಗದ ಬಾವನ್ನು ಇಳಿಸುವ ಶಕ್ತಿ ಇದಕ್ಕಿಲ್ಲ. ಉಳುಕಿ ಗುಂಡಗಾದ ಪಾದಕ್ಕೆ ಇದನ್ನು ನುಂಗಿ "ಊತ ಇಳಿಯಲಿಲ್ಲವಲ್ಲ" ಎಂದರೆ ಆ ಬಡಪಾಯಿ ಮಾತ್ರೆ ಏನು ಮಾಡೀತು?

ಇದು ಸಾಧು ಮಾತ್ರೆ ಎನ್ನುವುದು ನಿಜ. ಆದರೆ ಸಾಧು ಹಸುವಿಗೂ ಕೋಡಿರುತ್ತದೆ. ಆರೋಗ್ಯವಾಗಿರುವ ದೊಡ್ಡವರು 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಬಾರದು. ಅಂದರೆ 500 ಮಿಲಿಗ್ರಾಂನ 8 ಮಾತ್ರೆ, 650ರದ್ದಾದರೆ 6. ಎರಡು ಸಲದ ನಡುವೆ ಕಡಿಮೆಯೆಂದರೂ 4ರಿಂದ 6 ಗಂಟೆ ಬಿಡಬೇಕು. ತೂಕ ಕಡಿಮೆ ಇರುವವರಿಗೆ, ಕುಡಿಯುವ ಅಭ್ಯಾಸವಿರುವವರಿಗೆ, ಲಿವರ್ ತೊಂದರೆ ಇರುವವರಿಗೆ ಲೆಕ್ಕ ಇನ್ನೂ ಕೆಳಗೆ. ಅದನ್ನು ಡಾಕ್ಟರೇ ಹೇಳಬೇಕು. ಮಿತಿ ಮೀರಿದರೆ ಲಿವರ್ ಕೆಡುತ್ತದೆ. ಇಲ್ಲೊಂದು ಗುಟ್ಟು ನೆನಪಿಡಿ: ನೆಗಡಿಗೆಂದು ಕೊಡುವ ಎಷ್ಟೋ ಮಾತ್ರೆಗಳ ಒಳಗೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ನೆಗಡಿಗೆ ಒಂದು, ತಲೆನೋವಿಗೆ ಒಂದು, ಜ್ವರಕ್ಕೆ ಒಂದು ಅಂತ ನುಂಗಿದರೆ ಹೆಸರು ಮೂರಾದರೂ ಒಳಗೆ ಹೋದದ್ದು ಒಂದೇ. ಹಾಳೆಯ ಹಿಂದಿನ ಸಣ್ಣಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಕಣ್ಣು ಕಾಣದಿದ್ದರೆ ಮಕ್ಕಳ ಕೈಲಿ ಓದಿಸಿ.

ಇನ್ನು ಬಾವಿನ ನೋವು. ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದು. ಉಳುಕು, ಹಲ್ಲಿನ ಬೇರಿನ ನೋವು, ಕೆಲವು ಬಗೆಯ ಸಂಧಿವಾತ ಇದೇ ಜಾತಿ. ಈ ಜಾಗಗಳಲ್ಲಿ ಪ್ರೋಸ್ಟಾಗ್ಲ್ಯಾಂಡಿನ್ ಎಂಬ ವಸ್ತು ತಯಾರಾಗುತ್ತದೆ. ಅದೇ ನೋವಿನ ಕಾಗದದ ಮಸಿ ಎನ್ನಿ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರಾಕ್ಸೆನ್ ಮೊದಲಾದವು ಆ ಮಸಿಯನ್ನೇ ಒಣಗಿಸುತ್ತವೆ. ಆಸ್ಪಿರಿನ್ ಅನ್ನು ಜರ್ಮನಿಯ ಬೇಯರ್ ಕಂಪನಿಯಲ್ಲಿ 1897ರಲ್ಲೇ ಶುದ್ಧವಾಗಿ ತಯಾರಿಸಿದ್ದರಂತೆ. ಆದರೆ ಅದು ಹೇಗೆ ನೋವು ಕಳೆಯುತ್ತದೆ ಎಂದು ತೋರಿಸಿಕೊಟ್ಟದ್ದು 1971ರಲ್ಲಿ, ಇಂಗ್ಲೆಂಡಿನ ಜಾನ್ ವೇನ್. ಆ ಕೆಲಸಕ್ಕೆ 1982ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು. ಮುಕ್ಕಾಲು ಶತಮಾನ ಜನ ಹೇಗೆ ಅಂತ ತಿಳಿಯದೆಯೇ ನುಂಗಿದ್ದರು, ನೋಡಿ!

ಹೆಣ್ಣುಮಕ್ಕಳ ಮುಟ್ಟಿನ ಹೊಟ್ಟೆನೋವು ಕೂಡ ಇದೇ ಮಸಿಯ ಕೆಲಸ. ಗರ್ಭಕೋಶದ ಒಳಪದರದಲ್ಲಿ ಪ್ರೋಸ್ಟಾಗ್ಲ್ಯಾಂಡಿನ್ ಹೆಚ್ಚಾದಾಗ ಗರ್ಭಕೋಶ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಅದಕ್ಕೇ ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್‌ನಂಥವು ಇದಕ್ಕೆ ಚೆನ್ನಾಗಿ ನಾಟುತ್ತವೆ. ಡಾಕ್ಟರನ್ನು ಕೇಳಿಕೊಂಡು, ನೋವು ಶುರುವಾಗುತ್ತಿದ್ದಂತೆಯೇ ಊಟದ ಮೇಲೆ ತೆಗೆದುಕೊಂಡರೆ ಗುಣ ಹೆಚ್ಚು. ನೋವು ನೆತ್ತಿಗೇರಿದ ಮೇಲೆ ತೆಗೆದುಕೊಂಡರೆ ಕಡಿಮೆ. ಬಿಸಿನೀರಿನ ಚೀಲವೂ ಒಳ್ಳೆಯದೇ. "ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ, ಸಹಿಸ್ಕೋ" ಅಂತ ಮಗಳನ್ನು ಗದರಬೇಡಿ. ವರ್ಷದಿಂದ ವರ್ಷಕ್ಕೆ ನೋವು ಜಾಸ್ತಿಯಾಗುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಕಾಡುತ್ತಿದ್ದರೆ, ಅದು ಸಹಿಸುವ ಮಾತಲ್ಲ, ತೋರಿಸುವ ಮಾತು.

ಇಷ್ಟು ಉಪಕಾರಿಯಾದ ಈ ಗುಂಪಿನ ಮಾತ್ರೆಗಳಿಂದಲೇ ಅಪಕಾರವೂ ಜಾಸ್ತಿ. ಏಕೆಂದರೆ ನೋವು ಬರೆಯುವ ಆ ಮಸಿಯೇ ಹೊಟ್ಟೆಯ ಒಳಪದರವನ್ನು ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುತ್ತದೆ. ಮಾತ್ರೆಗೆ ಮಂಡಿಯ ಮಸಿ ಯಾವುದು, ಹೊಟ್ಟೆಯ ಮಸಿ ಯಾವುದು ಅಂತ ಗೊತ್ತಾಗುತ್ತದೆಯೇ? ಎಲ್ಲ ಕಡೆಯೂ ಒಣಗಿಸುತ್ತದೆ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಏಟು, ಕೆಲವರಲ್ಲಿ ಹೃದಯಕ್ಕೂ ತೊಂದರೆ.

ನಮ್ಮ ಬೀದಿಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದಾರೆ. ರಕ್ತದೊತ್ತಡಕ್ಕೆ ದಿನಾ ಮಾತ್ರೆ ನುಂಗುವವರು. ಮಂಡಿನೋವಿಗೆ ಅಂತ ಯಾವುದೋ ಅಂಗಡಿಯಿಂದ ಪೊಟ್ಟಣದಲ್ಲಿ ಬಿಡಿ ಮಾತ್ರೆ ತರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಹೀಗೆ ಎಂಟು ತಿಂಗಳು. "ನುಂಗಿದರೆ ಹುಡುಗಿ ಥರಾ ಓಡಾಡ್ತೀನಿ ಕಣಮ್ಮಾ" ಎನ್ನುತ್ತಿದ್ದರು. ಒಂದು ದಿನ ಮುಖ ಊದಿತು, ಪಾದ ಊದಿತು, ಊಟ ಸೇರದಾಯಿತು. ಪರೀಕ್ಷೆ ಮಾಡಿಸಿದರೆ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿತ್ತು. ಪೊಟ್ಟಣದಲ್ಲಿ ಬಾವಿನ ಮಾತ್ರೆಗಳೇ ಎರಡು ಬಗೆಯವಿದ್ದವಂತೆ. ಮಾತ್ರೆ ನಿಲ್ಲಿಸಿದ ಮೇಲೆ ಸ್ವಲ್ಪ ಸುಧಾರಿಸಿದರು. ಆದರೆ ಈಗಲೂ ಉಪ್ಪು ಅಳೆದು, ನೀರು ಅಳೆದು ಬದುಕಬೇಕಾಗಿದೆ.

ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆ, ಅದರಲ್ಲೂ ನೀರಿಳಿಸುವ ಮಾತ್ರೆಯ ಜೊತೆ, ಈ ಗುಂಪು ಸೇರಿದರೆ ಕಿಡ್ನಿಗೆ ಹೆಚ್ಚು ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಹೊಟ್ಟೆಹುಣ್ಣು ಆದವರು, ಹೃದಯ ಅಥವಾ ಕಿಡ್ನಿಯ ತೊಂದರೆ ಇರುವವರು, ಆಸ್ತಮಾ ಇರುವವರು, ಬಸುರಿಯರು ತಾವಾಗಿ ಇವನ್ನು ಮುಟ್ಟಲೇಬಾರದು. ಡೆಂಗಿ ಜ್ವರದ ಅನುಮಾನವಿದ್ದಾಗಲಂತೂ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಯಾವುದೂ ಕೂಡದು, ರಕ್ತಸ್ರಾವದ ಭಯವಿರುತ್ತದೆ. ಆಗ ಪ್ಯಾರಾಸಿಟಮಾಲ್ ಒಂದೇ ದಾರಿ. ಮಕ್ಕಳಿಗೆ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ನಿಮೆಸುಲೈಡ್ ಎಂಬ ಮಾತ್ರೆಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ಸರ್ಕಾರವೇ 2011ರಲ್ಲಿ ನಿಷೇಧಿಸಿದೆ.

ರಣಹದ್ದುಗಳ ಕಥೆ ಕೇಳಿದ್ದೀರಾ? ನಾವು ಚಿಕ್ಕವರಿದ್ದಾಗ ಸತ್ತ ದನದ ಮೇಲೆ ಗುಂಪುಗುಂಪಾಗಿ ಇಳಿಯುತ್ತಿದ್ದ ಹದ್ದುಗಳು ಈಗ ಕಾಣುವುದೇ ಅಪರೂಪ. ದನಗಳಿಗೆ ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಅಂಥ ದನ ಸತ್ತಾಗ ಅದರ ಮಾಂಸ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಕಾರಣ ಇದೇ ಎಂದು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. 2006ರಲ್ಲಿ ಭಾರತದಲ್ಲಿ ಅದನ್ನು ಪಶುಗಳಿಗೆ ಕೊಡುವುದಕ್ಕೆ ನಿಷೇಧ ಬಂತು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಹದ್ದಿನ ಮೈ ಬೇರೆ, ಮನುಷ್ಯರ ಮೈ ಬೇರೆ, ಒಪ್ಪಿದೆ. ಒಂದೆರಡು ದಿನ ಡಾಕ್ಟರು ಹೇಳಿದಂತೆ ತೆಗೆದುಕೊಂಡರೆ ನಮ್ಮಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ನೋವಿನ ಮಾತ್ರೆ ಮಿಠಾಯಿ ಅಲ್ಲ ಎನ್ನುವುದಕ್ಕೆ ಈ ಕಥೆ ಸಾಕಲ್ಲವೇ?

ಹಾಗಾದರೆ ಸವೆದ ಮಂಡಿಯ ನೋವಿಗೆ ಏನು ಮಾಡುವುದು? ಮೇಲೆ ಹಚ್ಚುವ ಮುಲಾಮಿನಿಂದ ಶುರು ಮಾಡಬಹುದು. ಡೈಕ್ಲೋಫೆನಾಕ್ ಮುಲಾಮಿನಂತೆಯೂ ಬರುತ್ತದೆ. ಹಚ್ಚಿದ ಜಾಗದಲ್ಲಿ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ತೊಡೆಯ ಸ್ನಾಯು ಬಲವಾಗುವ ವ್ಯಾಯಾಮ, ತೂಕ ಇಳಿಸುವುದು, ಇವು ಮಾತ್ರೆಗಿಂತ ನಿಧಾನ, ಆದರೆ ನಂಬಿಕಸ್ಥ. ಇನ್ನು ನಮ್ಮ ಹಳೆಯ ಬಾಮುಗಳು. ಹಣೆ ತಿಕ್ಕಿಕೊಂಡರೆ ಹಾಯೆನಿಸುವುದು ಬರೀ ಭ್ರಮೆಯಲ್ಲ. ತಿಕ್ಕಿದಾಗ ಸ್ಪರ್ಶದ ಸುದ್ದಿ ಬೆನ್ನುಹುರಿಯ ಬಾಗಿಲಿಗೆ ಬಂದು ನೋವಿನ ಸುದ್ದಿಯನ್ನು ಸ್ವಲ್ಪ ತಡೆಯುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು 1965ರಲ್ಲಿ ವಿವರಿಸಿದರು. ಬಿದ್ದ ಮಗುವಿನ ಮಂಡಿಯನ್ನು ನೀವಿ ಅಮ್ಮಂದಿರು ಅದನ್ನು ಎಂದಿನಿಂದಲೋ ಮಾಡುತ್ತಲೇ ಬಂದಿದ್ದಾರೆ!

ನುಲಿಯುವ ನೋವಿನ ಕಡೆಗೆ ಬರೋಣ. ಅಲೆ ಅಲೆಯಾಗಿ ಬಂದು, ಹಿಡಿದು, ಬಿಟ್ಟು, ಮತ್ತೆ ಹಿಡಿಯುವ ಹೊಟ್ಟೆನೋವು. ಇಲ್ಲಿ ಕರುಳಿನ ಸ್ನಾಯು ಬಿಗಿದುಕೊಳ್ಳುತ್ತದೆ. ಡೈಸೈಕ್ಲೋಮಿನ್, ಡ್ರೊಟಾವೆರಿನ್ ಮೊದಲಾದವು ಆ ಬಿಗಿಯನ್ನು ಸಡಿಲಿಸುತ್ತವೆ. ಇವು ತಲೆನೋವಿಗೂ ಬಾರದು, ಮಂಡಿಗೂ ಬಾರದು. ಆದರೆ ಹೊಟ್ಟೆನೋವಿನಲ್ಲಿ ಒಂದು ಎಚ್ಚರಿಕೆ ಬೇಕು. ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಗೆ ಇಳಿದು ಅಲ್ಲೇ ನಿಲ್ಲುವ ನೋವು, ಜ್ವರ ವಾಂತಿ ಜೊತೆಗಿರುವ ನೋವು, ಹೊಟ್ಟೆ ಹಲಗೆಯಂತೆ ಗಟ್ಟಿಯಾದ ನೋವು, ಇವಕ್ಕೆ ಮಾತ್ರೆ ಕೊಟ್ಟು ರಾತ್ರಿ ಕಳೆಯಬೇಡಿ. ಆಸ್ಪತ್ರೆಗೆ ಹೊರಡಿ.

ಎದೆಯ ಮಾತೂ ಅಷ್ಟೆ. ಎದೆ ಹಿಂಡಿದಂತಾಗಿ ದವಡೆಗೋ ಎಡಗೈಗೋ ಬೆನ್ನಿಗೋ ಹರಿಯುವುದು, ಬೆವರುವುದು, ಉಸಿರು ಸಿಕ್ಕಿಕೊಳ್ಳುವುದು ಇದ್ದರೆ "ಗ್ಯಾಸು" ಅಂತ ಓಮದ ಕಷಾಯ ಕುಡಿದು ಮಲಗುವುದಲ್ಲ. ಹೆಂಗಸರಲ್ಲಿ ಎದೆನೋವು ಅಷ್ಟಾಗಿ ತೋರದೆ ಬರೀ ಸುಸ್ತು, ಓಕರಿಕೆ, ಏದುಸಿರು ಇರಬಹುದು. ಆಗ ನೋವಿನ ಮಾತ್ರೆ ಹುಡುಕುತ್ತ ಕೂರದೆ ಗಾಡಿ ಹುಡುಕಿ.

ಇನ್ನು ಉರಿಯುವ ನೋವು. ಸಕ್ಕರೆ ಕಾಯಿಲೆಯವರ ಅಂಗಾಲು ಕೆಂಡ ಮೆಟ್ಟಿದ ಹಾಗೆ ಉರಿಯುವುದು, ಸರ್ಪಸುತ್ತು ಒಣಗಿದ ಮೇಲೂ ಆ ಪಟ್ಟಿ ಸೀರೆಯ ಸೆರಗು ಸೋಕಿದರೂ ಚುರ್ ಎನ್ನುವುದು. ಇಲ್ಲಿ ಪೆಟ್ಟೂ ಇಲ್ಲ, ಬಾವೂ ಇಲ್ಲ. ಯಾರೂ ಬರೆಯದ ಕಾಗದವನ್ನು ಅಂಚೆಯವನೇ ಹೊತ್ತು ತರುತ್ತಿದ್ದಾನೆ, ಕೆಟ್ಟಿರುವುದು ನರ. ಹೀಗಾಗಿ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ನುಂಗಿದರೆ ಹೆಚ್ಚೇನೂ ಪ್ರಯೋಜನವಿಲ್ಲ. ಇದಕ್ಕೆ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಎಂಬ ಬೇರೆಯೇ ಔಷಧಿಗಳಿವೆ. ಇವು ಅರ್ಧ ಗಂಟೆಯಲ್ಲಿ ನೋವು ಕಳೆಯುವುದಿಲ್ಲ, ಕೆಲವು ವಾರ ಬೇಕು. ಮೊದಲು ತೂಕಡಿಕೆ, ತಲೆಸುತ್ತು ಇರಬಹುದು. "ನಾಲ್ಕು ದಿನ ತಗೊಂಡೆ, ಏನೂ ಆಗಲಿಲ್ಲ" ಅಂತ ಬಿಟ್ಟುಬಿಡುವವರು ಬಹಳ. ಇನ್ನು ಕೆಲವರು ಚೀಟಿಯನ್ನು ಯಾರಿಗೋ ತೋರಿಸಿ, "ಇದು ಮನೋರೋಗದ ಮಾತ್ರೆಯಂತೆ, ನನಗೇನು ಹುಚ್ಚೇ?" ಎಂದು ಸಿಟ್ಟಾಗುತ್ತಾರೆ. ಒಂದೇ ಅರಿಶಿನ ಸಾರಿಗೂ ಆಗುತ್ತದೆ, ಗಾಯಕ್ಕೂ ಆಗುತ್ತದೆ. ಹಾಗೆಯೇ ಮನಸ್ಸಿನ ಕಾಯಿಲೆಗೆ ಕೊಡುವ ಒಂದು ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೊಡುತ್ತಾರೆ.

ತಲೆನೋವಿನಲ್ಲೂ ಜಾತಿಗಳಿವೆ. ತಲೆಯ ಒಂದು ಪಕ್ಕ ಸಿಡಿದು, ಬೆಳಕು ಸೇರದೆ, ವಾಂತಿ ಬರುವಂಥ ಅರೆತಲೆನೋವಿಗೆ ಅದಕ್ಕೇ ಆದ ಮಾತ್ರೆಗಳಿವೆ, ಪದೇ ಪದೇ ಬಾರದಂತೆ ತಡೆಯುವ ಮಾತ್ರೆಗಳೂ ಇವೆ. ಸುಮ್ಮನೆ ಸಿಕ್ಕಿದ್ದು ನುಂಗುತ್ತ ಹೋದರೆ ಇನ್ನೊಂದು ಫಜೀತಿ: ತಿಂಗಳಿಗೆ ಹತ್ತು ಹದಿನೈದು ದಿನ ನೋವಿನ ಮಾತ್ರೆ ನುಂಗುವವರಿಗೆ ಆ ಮಾತ್ರೆಯಿಂದಲೇ ತಲೆನೋವು ಬರಲು ಶುರುವಾಗುತ್ತದೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಪಕ್ಕದಲ್ಲೇ ತಲೆನೋವಿನ ದಿನಕ್ಕೊಂದು ಗುರುತು ಹಾಕಿ. ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಕೊನೆಗೆ, ಎಲ್ಲರೂ ಹೆದರುವ ಔಷಧಿಯ ವಿಷಯ. ಅದು ಮಾರ್ಫಿನ್. ನಾವು ಪಾಯಸಕ್ಕೆ ಹಾಕುವ ಗಸಗಸೆ ಯಾವ ಗಿಡದ ಬೀಜವೋ, ಅದೇ ಗಿಡದ ಕಾಯಿಯ ಹಾಲಿನಿಂದ ಅಫೀಮು ಬರುತ್ತದೆ, ಅಫೀಮಿನಿಂದ ಮಾರ್ಫಿನ್. ಇದು ಮಿದುಳು, ಬೆನ್ನುಹುರಿಗಳಲ್ಲೇ ಕುಳಿತು ನೋವಿನ ಕಾವು ತಗ್ಗಿಸುತ್ತದೆ. ತಲೆನೋವಿಗೋ ಮಂಡಿನೋವಿಗೋ ಬಳಸುವ ವಸ್ತುವಲ್ಲ. ದೊಡ್ಡ ಶಸ್ತ್ರಚಿಕಿತ್ಸೆ, ದೊಡ್ಡ ಗಾಯ, ಕ್ಯಾನ್ಸರಿನ ನೋವು, ಇಂಥವಕ್ಕೆ.

ನನ್ನ ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಆಗಿ ಅದು ಬೆನ್ನುಮೂಳೆಗೆ ಇಳಿದಿತ್ತು. ರಾತ್ರಿಯೆಲ್ಲ ಕೂತೇ ಕಳೆಯುತ್ತಿದ್ದರು. ಡಾಕ್ಟರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಾಗ ಮನೆಯಲ್ಲಿ ಪಂಚಾಯಿತಿಯೇ ನಡೆಯಿತು. "ಚಟ ಹತ್ತುತ್ತೆ" ಎಂದರು ಒಬ್ಬರು. "ಅದು ಕೊಟ್ಟರೆ ಇನ್ನು ಕೈಬಿಟ್ಟ ಹಾಗೆ" ಎಂದರು ಇನ್ನೊಬ್ಬರು. ಡಾಕ್ಟರು ಎಲ್ಲರನ್ನೂ ಕೂರಿಸಿ ಹೇಳಿದರು: "ನೋಡೀಮ್ಮಾ, ನೋವಿಗೆ ಸರಿಯಾದ ಅಳತೆಯಲ್ಲಿ, ನಾವು ನೋಡಿಕೊಳ್ಳುತ್ತಾ ಕೊಟ್ಟರೆ ಇಂಥವರಿಗೆ ಚಟ ಹತ್ತೋದು ಅಪರೂಪ. ಇದು ಸಾಯೋದಕ್ಕೆ ಕೊಡೋ ಮಾತ್ರೆ ಅಲ್ಲ, ಇರುವಷ್ಟು ದಿನ ಬದುಕೋದಕ್ಕೆ ಕೊಡೋದು." ನೋವು ಬಂದಾಗ ಮಾತ್ರವಲ್ಲ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡಬೇಕು ಎಂದರು. ಮಲಬದ್ಧತೆ ಖಂಡಿತ ಆಗುತ್ತದೆಂದು ಅದಕ್ಕೂ ಔಷಧಿ ಜೊತೆಗೇ ಕೊಟ್ಟರು. ಮಾತ್ರೆಗಳನ್ನು ಬೀಗದಲ್ಲಿಡಿ, ಬೇರೆ ಯಾರಿಗೂ ಒಂದೂ ಕೊಡಬೇಡಿ ಎಂದು ಎಚ್ಚರಿಸಿದರು.

ಮೂರನೆಯ ದಿನ ಚಿಕ್ಕಮ್ಮ ಮಲಗಿ ನಿದ್ದೆ ಮಾಡಿದರು. ಎದ್ದು, "ಏನೇ, ಸಾರಿಗೆ ಇಂಗು ಹಾಕಿಲ್ವಾ? ವಾಸನೆಯೇ ಇಲ್ಲ" ಎಂದು ಕೇಳಿದರು. ಅಷ್ಟು ದಿನದ ಮೇಲೆ ಸಾರಿನ ಯೋಚನೆ ಬರುವಷ್ಟು ಜಾಗ ನೋವು ಅವರಿಗೆ ಬಿಟ್ಟುಕೊಟ್ಟಿತ್ತು. ಆಮೇಲೆ ಐದು ತಿಂಗಳಿದ್ದರು. ಮೊಮ್ಮಗಳಿಗೆ ಎರಡೆಳೆ ಜಡೆ ಹೆಣೆದರು, ತಮ್ಮ ಸೀರೆಗಳನ್ನು ಯಾರಿಗೆ ಯಾವುದೆಂದು ತಾವೇ ಹಂಚಿದರು. ಕಾಯಿಲೆ ಗೆದ್ದಿತು, ಆದರೆ ಆ ಐದು ತಿಂಗಳು ಚಿಕ್ಕಮ್ಮನವಾಗಿದ್ದವು.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ದಾರಿ ಹೇಳಿದೆ: ಮೊದಲು ಪ್ಯಾರಾಸಿಟಮಾಲ್‌ನಂಥವು, ಸಾಲದಿದ್ದರೆ ಸೌಮ್ಯ ಅಫೀಮು ಜಾತಿಯವು, ಅದೂ ಸಾಲದಿದ್ದರೆ ಮಾರ್ಫಿನ್. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ಅದು ರೋಗಿಗಳಿಗೆ ಸಿಗುವುದೇ ಕಷ್ಟವಾಗಿತ್ತು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾನೂನು ತಿದ್ದುಪಡಿಯಾಗಿ ದಾರಿ ಸ್ವಲ್ಪ ಸುಗಮವಾಯಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಶಮನದ ವಿಭಾಗವಿದೆ. ಅದೇ ಊರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ "ಪ್ಯಾಲಿಯೇಟಿವ್ ಕೇರ್ ಎಲ್ಲಿ ಸಿಗುತ್ತದೆ?" ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಸೋದರಿಯರೇ, ಇಷ್ಟೆಲ್ಲ ಓದಿ ನೀವೇ ಡಾಕ್ಟರಾಗಿ ಎಂದು ನಾನು ಹೇಳುತ್ತಿಲ್ಲ. ಡಾಕ್ಟರ ಮುಂದೆ ಬಾಯಿ ಬಿಡಿ ಎನ್ನುತ್ತಿದ್ದೇನೆ, ಅಷ್ಟೆ. "ನೋವು" ಎಂದು ಒಂದೇ ಮಾತು ಹೇಳಿ ಕೈಚಾಚಬೇಡಿ. ಉರಿಯೋ ನುಲಿಯೋ ಸಿಡಿತವೋ ಹೇಳಿ, ಎಂದಿನಿಂದ, ಯಾವ ಹೊತ್ತಿನಲ್ಲಿ, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಹೇಳಿ, ಬೇರೆ ಯಾವ ಯಾವ ಮಾತ್ರೆ ನುಂಗುತ್ತಿದ್ದೀರಿ ಅದನ್ನೂ ಹೇಳಿ. ಕೊಟ್ಟ ಮಾತ್ರೆಗೆ ಮೂರು ಪ್ರಶ್ನೆ ಕೇಳಿ: ಊಟಕ್ಕೆ ಮುಂಚೆಯೋ ಆಮೇಲೋ? ಎಷ್ಟು ದಿನ? ನನ್ನ ಉಳಿದ ಮಾತ್ರೆಗಳ ಜೊತೆ ಹೊಂದುತ್ತದೆಯೇ? ಹೆಸರಿಲ್ಲದ ಪುಡಿ, ಹಾಳೆಯಿಲ್ಲದ ಬಿಡಿ ಮಾತ್ರೆ ಎಷ್ಟೇ ಗುಣ ಕೊಟ್ಟರೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಮನೆಮಂದಿಯ ಜ್ವರ, ಕೆಮ್ಮು, ಕಾಲುನೋವನ್ನೆಲ್ಲ ಡಾಕ್ಟರಿಗೆ ವಿವರವಾಗಿ ಹೇಳುವವರು ನಾವೇ. ನಮ್ಮ ಸರದಿ ಬಂದಾಗ ಮಾತ್ರ "ಏನಿಲ್ಲ, ಸ್ವಲ್ಪ ನೋವು" ಎಂದು ಎದ್ದುಬಿಡುತ್ತೇವೆ. ಇನ್ನು ಮುಂದೆ ಇನ್ನೂ ಎರಡು ನಿಮಿಷ ಕುಳಿತುಕೊಳ್ಳಿ.